ಮನೆಯ ಶೆಡ್ಡಿಗೆ ಲಿಫ್ಟು: ಮೊದಲು ನೆಲ, ಆಮೇಲೆ ಯಂತ್ರ

ಎತ್ತಿನ ಗಾಡಿಯ ಕಾಲದಲ್ಲಿ ಚಕ್ರ ಕಳಚಿ ಕೀಲೆಣ್ಣೆ ಹಾಕುವುದು ಒಂದು ದೊಡ್ಡ ಕೆಲಸವಾಗಿರಲಿಲ್ಲ. ಇಬ್ಬರು ಆಳುಗಳು ಹೆಗಲು ಕೊಟ್ಟು ಗಾಡಿಯ ಒಂದು ಮಗ್ಗುಲನ್ನು ಎತ್ತಿದರೆ ಮೂರನೆಯವನು ಅದರಡಿಗೆ ಒಂದು ಮರದ ತುಂಡನ್ನು ತಳ್ಳುತ್ತಿದ್ದನು. ಗಾಡಿ ಜಾರಿದರೆ ಕಾಲ್ಬೆರಳು ಜಜ್ಜೀತೇ ಹೊರತು ಪ್ರಾಣಕ್ಕೆ ಸಂಚಕಾರವಿರಲಿಲ್ಲ. ಆ ಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಇಂದು ಜೀಪು ನಿಂತಿದೆ, ಪಿಕಪ್ ನಿಂತಿದೆ, ಮಕ್ಕಳು ಓಡಿಸುವ ಸಣ್ಣ ಕಾರು ನಿಂತಿದೆ. ಆಲ್ಟೊದಂತಹ ಸಣ್ಣ ಕಾರೇ ಸುಮಾರು ಮುಕ್ಕಾಲು ಟನ್ನು ತೂಗುತ್ತದೆ. ಬೊಲೆರೊ ಒಂದೂವರೆ ಟನ್ನಿಗೂ ಮೇಲೆ. ಕೊಟ್ಟಿಗೆಯಲ್ಲಿ ನಿಲ್ಲುವ ವಾಹನ ಬದಲಾಯಿತು. ಅದರ ಅಡಿಗೆ ನುಸುಳುವ ನಮ್ಮ ಕ್ರಮ ಮಾತ್ರ ಗಾಡಿಯ ಕಾಲದ್ದೇ ಆಗಿ ಉಳಿದಿದೆ.

ನಮ್ಮ ಕಾಸರಗೋಡು ಸೀಮೆಯ ಅಡಿಕೆ ಕೃಷಿಕನಿಗೆ ವಾಹನವೆಂಬುದು ಶೋಕಿಯ ವಸ್ತುವಲ್ಲ. ಗೊಬ್ಬರ ಬರಬೇಕು, ಅಡಿಕೆ ಪೇಟೆಗೆ ಹೋಗಬೇಕು, ರಾತ್ರಿ ಹೊತ್ತಿನಲ್ಲಿ ಹೆರಿಗೆಯ ನೋವು ಬಂದವಳನ್ನು ಆಸ್ಪತ್ರೆಗೆ ಮುಟ್ಟಿಸಬೇಕು. ತೋಟದಿಂದ ಡಾಮರು ರಸ್ತೆಗೆ ಏರುವ ಮಣ್ಣಿನ ದಾರಿ ಆಟಿ ತಿಂಗಳಲ್ಲಿ ಹೇಗಿರುತ್ತದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಆ ಕೆಸರು ಬ್ರೇಕಿನೊಳಗೆ, ಸ್ಪ್ರಿಂಗಿನ ಪಟ್ಟಿಗಳ ನಡುವೆ, ಚಾಸಿಸಿನ ಮೂಲೆಗಳಲ್ಲಿ ಕುಳಿತು ಕಬ್ಬಿಣವನ್ನು ತಿನ್ನುತ್ತದೆ. ಆಗಾಗ ಕೆಳಗಿನಿಂದ ತೊಳೆದು ನೋಡದಿದ್ದರೆ ತುಕ್ಕು ಹಿಡಿದದ್ದು ನಮಗೆ ತಿಳಿಯುವುದೇ ಇಲ್ಲ. ಇದಕ್ಕೆಲ್ಲ ಪ್ರತಿ ಸಲವೂ ಇಪ್ಪತ್ತು ಕಿಲೋಮೀಟರು ದೂರದ ವರ್ಕ್‌ಶಾಪಿಗೆ ಹೋಗಲಾದೀತೆ? ಆದುದರಿಂದ ಚಕ್ರ ಬದಲಿಸುವುದು, ಎಣ್ಣೆ ಇಳಿಸುವುದು, ಗ್ರೀಸು ತುಂಬುವುದು ಮೊದಲಾದ ಕೆಲಸಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಇತ್ತೀಚೆಗೆ ಅನುಕೂಲಸ್ಥರಾದ ಕೆಲವರು ಪೇಟೆಯ ಗ್ಯಾರೇಜುಗಳಲ್ಲಿರುವಂತೆ ವಾಹನವನ್ನು ಮೇಲಕ್ಕೆತ್ತುವ ಲಿಫ್ಟನ್ನು ಮನೆಯ ಶೆಡ್ಡಿನಲ್ಲಿಯೇ ಇರಿಸಿಕೊಳ್ಳುವ ಯೋಚನೆಯಲ್ಲಿರುವರು. ನಮ್ಮಲ್ಲಿಗೂ ಬಂದು "ಮಾಷ್ಟ್ರೇ, ಯಾವುದು ಒಳ್ಳೆಯದು?" ಎಂದು ಕೇಳಿದವರುಂಟು. ನಾವು ಶಾಲೆಯಲ್ಲಿ ಪಾಠ ಹೇಳುವವರು, ಬೆಳಗ್ಗೆ ಸಂಜೆ ತೋಟ ನೋಡುವವರು, ಯಂತ್ರಶಾಸ್ತ್ರದ ಪಂಡಿತರಲ್ಲ. ಆದರೂ ಒಂದು ಪೆಟ್ಟು ತಿನ್ನುವುದರಿಂದ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡ ಮೇಲೆ ಈ ವಿಷಯವನ್ನು ಅಳೆದು, ಸುರಿದು, ಕೇಳಿ ತಿಳಿದು, ಕೊನೆಗೆ ಒಂದನ್ನು ಕೊಂಡು ಬಳಸುತ್ತಿರುವೆವು. ಆ ಅನುಭವದ ಮೇಲೆ ನಮ್ಮ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ಹೇಳುತ್ತೇವೆ.

ಪೆಟ್ಟಿನ ಸಂಗತಿ ಹೀಗೆ. 2022ರ ಆಟಿ ತಿಂಗಳ ಒಂದು ಭಾನುವಾರ ನಮ್ಮ ತಮ್ಮನ ಮಗ ಜೀಪಿನ ಹಿಂಬದಿಯ ಬ್ರೇಕನ್ನು ನೋಡಲು ಅದರಡಿಯಲ್ಲಿ ಮಲಗಿದ್ದನು. ಜಾಕಿನಿಂದ ಎತ್ತಿ ಚಾಸಿಸಿನ ಕೆಳಗೆ ಎರಡು ಮುರಕಲ್ಲುಗಳನ್ನು ಒಂದರ ಮೇಲೊಂದಿಟ್ಟಿದ್ದೆವು. ಎಷ್ಟೋ ವರ್ಷಗಳಿಂದ ಹಾಗೆಯೇ ಮಾಡಿಕೊಂಡು ಬಂದವರು ನಾವು. "ದೊಡ್ಡಪ್ಪಾ, ಹದಿನೇಳರ ಸ್ಪ್ಯಾನರು ಎಲ್ಲಿ ಉಂಟು?" ಎಂದು ಅವನು ಕೂಗಿದನು. ನಾವು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದವರು, "ನೀನೇ ನೋಡು ಮಾರಾಯ" ಎಂದೆವು. ಅವನು ಗೊಣಗುತ್ತ ಹೊರಗೆ ಬಂದು ಪೆಟ್ಟಿಗೆಯನ್ನು ತಡಕುತ್ತಿರುವಾಗಲೇ ಮೇಲಿನ ಕಲ್ಲು ಎರಡಾಗಿ ಸೀಳಿ ಜೀಪು ಕೆಳಕ್ಕೆ ಕುಸಿಯಿತು. ಅವನು ಮಲಗಿದ್ದ ಗೋಣಿಚೀಲ ಅಚ್ಚಿನ ಕೆಳಗೆ ಸಿಕ್ಕಿಕೊಂಡಿತ್ತು. ಅದನ್ನು ನೋಡಿದ ಅವನ ತಾಯಿ ಆ ದಿನವೆಲ್ಲ ಮಾತಾಡಲಿಲ್ಲ. ಆ ದಿನ ನಮ್ಮಲ್ಲಿ ಸೋಮಾರಿತನವಿಲ್ಲದೆ ಸ್ಪ್ಯಾನರನ್ನು ಎದ್ದು ಹೋಗಿ ಕೊಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಮನೆಯ ಗೋಡೆಯನ್ನೇ ಹೊರುವ ಕಲ್ಲು ಜೀಪನ್ನು ಹೊರಲಾರದೇ ಹೋದುದೇಕೆ? ಗೋಡೆಯಲ್ಲಿ ಕಲ್ಲಿನ ಮೇಲೆ ಬೀಳುವ ಭಾರ ಅದರ ಇಡೀ ಮೈಗೆ ಸಮನಾಗಿ ಹಂಚಿಹೋಗುತ್ತದೆ. ಚಾಸಿಸಿನ ಅಂಚು ಹಾಗಲ್ಲ. ಅದು ಕೊಡಲಿಯ ಬಾಯಿಯಂತೆ ಒಂದೇ ಗೆರೆಯಲ್ಲಿ ಒತ್ತುತ್ತದೆ. ಮುರಕಲ್ಲಿನ ಒಳಗೆ ತೂತುಗಳಿರುತ್ತವೆ, ಮಳೆಗಾಲದಲ್ಲಿ ಅದು ನೀರು ಕುಡಿದಿರುತ್ತದೆ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಸಿಮೆಂಟಿನ ಟೊಳ್ಳು ಇಟ್ಟಿಗೆಯ ಗುಣವೂ ಅದೇ. ಇವೆರಡೂ ಮುನ್ಸೂಚನೆ ಕೊಟ್ಟು ಒಡೆಯುವ ವಸ್ತುಗಳಲ್ಲ. ಆದುದರಿಂದ ಲಿಫ್ಟು ಕೊಳ್ಳುವವರು ಕೊಳ್ಳಲಿ, ಬಿಡುವವರು ಬಿಡಲಿ. ಕಲ್ಲು, ಇಟ್ಟಿಗೆ, ತೆಂಗಿನ ಕೊರಡುಗಳ ಮೇಲೆ ವಾಹನವನ್ನು ನಿಲ್ಲಿಸಿ ಅಡಿಗೆ ಹೋಗುವ ಪದ್ಧತಿಯನ್ನು ಇಂದೇ ನಿಲ್ಲಿಸಬೇಕೆಂಬುದು ನಮ್ಮ ಮೊದಲನೆಯ ಮಾತು. ಜಾಕಿನ ಜೊತೆಗೆ ನಾಲ್ಕು ಉಕ್ಕಿನ ಸ್ಟ್ಯಾಂಡುಗಳನ್ನು ಪ್ರತಿಯೊಂದು ಮನೆಯವರೂ ಕೊಳ್ಳಬಲ್ಲರು. ಕಳಚಿದ ಚಕ್ರವನ್ನು ಬದಿಗೆಸೆಯದೆ ಚಾಸಿಸಿನ ಅಡಿಯಲ್ಲಿಯೇ ಮಲಗಿಸಿದರೆ ಅದು ಖರ್ಚಿಲ್ಲದ ಎರಡನೆಯ ರಕ್ಷೆ.

ಇನ್ನು ಲಿಫ್ಟಿನ ವಿಚಾರ. "ಮನೆಯಲ್ಲಿ ಲಿಫ್ಟೆಂದರೆ ದುಡ್ಡಿನ ಮದ" ಎಂದು ಹೇಳುವವರುಂಟು. ನಾವು ಹಾಗೆನ್ನುವುದಿಲ್ಲ. ತಿಂಗಳಿಗೆ ಎರಡು ಮೂರು ಸಲ ವಾಹನದ ಅಡಿಗೆ ಹೋಗಬೇಕಾದ ಮನೆಯಲ್ಲಿ, ಅದರಲ್ಲಿಯೂ ಎರಡು ಮೂರು ವಾಹನಗಳಿರುವ ಕೂಡುಕುಟುಂಬದಲ್ಲಿ, ಅದು ಕಾಡು ಕಡಿಯುವ ಯಂತ್ರ, ಮದ್ದು ಬಿಡುವ ಪಂಪುಗಳಂತೆಯೇ ಒಂದು ಸಲಕರಣೆ. ಆದರೆ ಪೇಟೆಯಲ್ಲಿ ಕಂಡುದನ್ನೇ ಮನೆಗೆ ತರುವುದು ಸರಿಯಲ್ಲ. ಪೇಟೆಯ ಗ್ಯಾರೇಜಿನ ಮಾಡು ಎತ್ತರ, ನೆಲ ದಪ್ಪ, ಕರೆಂಟು ಬೇರೆ. ನಮ್ಮ ಶೆಡ್ಡು ಬೇರೆ.

ಆರಿಸುವ ಮುನ್ನ ಲಿಫ್ಟಿನ ಮೂಲತತ್ತ್ವವನ್ನು ತಿಳಿದಿರುವುದು ಒಳ್ಳೆಯದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲನು ತಿಳಿಸಿಕೊಟ್ಟನು. ಇದೇ ತತ್ತ್ವದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ನೀರಿನ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. 1925ರಲ್ಲಿ ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿಯು ಕ್ಷೌರದಂಗಡಿಯ ಏರಿಳಿಯುವ ಕುರ್ಚಿಯನ್ನು ಕಂಡು ಕಾರಿನ ಲಿಫ್ಟನ್ನು ಕಲ್ಪಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ನಾವು ಮಕ್ಕಳಿಗೆ ಹೇಳುವ ಲೆಕ್ಕವೇ ಇಲ್ಲಿಗೂ ಸಲ್ಲುತ್ತದೆ: ಒಂದು ಚದರ ಸೆಂಟಿಮೀಟರಿನ ಸಣ್ಣ ಕೊಂತದ ಮೇಲೆ ಹತ್ತು ಕಿಲೋ ಒತ್ತಿದರೆ ಮೂವತ್ತು ಚದರ ಸೆಂಟಿಮೀಟರಿನ ದೊಡ್ಡ ಕೊಂತವು ಮುನ್ನೂರು ಕಿಲೋ ಎತ್ತುತ್ತದೆ, ಆದರೆ ಸಣ್ಣದು ಮೂವತ್ತು ಸೆಂಟಿಮೀಟರು ಇಳಿದರೆ ದೊಡ್ಡದು ಏರುವುದು ಒಂದೇ ಸೆಂಟಿಮೀಟರು. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು.

ಈ ತತ್ತ್ವದಿಂದ ಕೃಷಿಕನು ತಿಳಿಯಬೇಕಾದುದು ಇಷ್ಟೆ: ಎತ್ತುವುದು ಎಣ್ಣೆಯ ಕೆಲಸ, ಹೊರುವುದು ಉಕ್ಕಿನ ಕೆಲಸ. ಎಣ್ಣೆಯನ್ನು ಒಳಗೆ ಹಿಡಿದಿಡುವುದು ಒಂದು ರಬ್ಬರಿನ ಬಳೆ. ಅದು ಹರಿದರೆ, ಕೊಳವೆ ಬಿರಿದರೆ, ವಾಹನ ಕೆಳಗೆ ಬರುತ್ತದೆ. ಆದುದರಿಂದ ಒಳ್ಳೆಯ ಲಿಫ್ಟಿನಲ್ಲಿ ಅಲ್ಲಲ್ಲಿ ಉಕ್ಕಿನ ತಡೆಗಳಿರುತ್ತವೆ. ವಾಹನವನ್ನು ಬೇಕಾದ ಎತ್ತರಕ್ಕಿಂತ ತುಸು ಮೇಲಕ್ಕೆ ಏರಿಸಿ, ಮತ್ತೆ ಇಳಿಸಿ, ಆ ತಡೆಯ ಮೇಲೆ ಕೂರಿಸಬೇಕು. ಆಗ ಭಾರವೆಲ್ಲ ಉಕ್ಕಿನ ಮೇಲೆ ನಿಲ್ಲುತ್ತದೆ. ತಡೆಯಿಲ್ಲದ ಲಿಫ್ಟನ್ನು ಯಾರಾದರೂ ಅರ್ಧ ಕ್ರಯಕ್ಕೆ ಕೊಟ್ಟರೂ ಕೊಳ್ಳಬಾರದು. ಜಾಕಿಗೂ ಇದೇ ನಿಯಮ: ಜಾಕು ಎತ್ತಲಿಕ್ಕೆ, ಸ್ಟ್ಯಾಂಡು ಹೊರಲಿಕ್ಕೆ.

ಈಗ ಅಳತೆಪಟ್ಟಿಯನ್ನು ಹಿಡಿದು ಶೆಡ್ಡಿಗೆ ಹೋಗೋಣ. ಅಲ್ಲಿ ನೋಡಬೇಕಾದವು ನಾಲ್ಕು: ಮಾಡಿನ ಎತ್ತರ, ಅಗಲ, ನೆಲ ಮತ್ತು ಕರೆಂಟು.

ಮೊದಲನೆಯದು ಮಾಡು. ಹಂಚಿನ ಮಾಡಿನ ಶೆಡ್ಡಿನಲ್ಲಿ ಮುಚ್ಚಿಗೆಯ ತುದಿಯನ್ನು ಅಳೆದು ಪ್ರಯೋಜನವಿಲ್ಲ. ಅಡ್ಡತೊಲೆಯ ಕೆಳಗಂಚನ್ನು ಅಳೆಯಬೇಕು. ನಮ್ಮಲ್ಲಿ ಅದು ನೆಲದಿಂದ 9 ಅಡಿ. ಜೀಪಿನ ಎತ್ತರ 6 ಅಡಿ 2 ಅಂಗುಲ. ಉಳಿಯುವುದು 2 ಅಡಿ 10 ಅಂಗುಲ. ಮೇಲೆ ಒಂದು ಗೇಣು ಬಿಟ್ಟರೆ ಎತ್ತಬಹುದಾದದ್ದು ಎರಡು ಅಡಿ ಮಾತ್ರ. ಇನ್ನು ಆರು ಅಡಿ ಎತ್ತುವ ಲಿಫ್ಟನ್ನು ತಂದರೆ ಹಂಚು ಒಡೆದು ಆಕಾಶ ನೋಡಬೇಕಾದೀತು! ಈ ಒಂದು ಕಳೆಯುವ ಲೆಕ್ಕವನ್ನು ಮಾಡದೆ ಮುಂಗಡ ಕೊಟ್ಟು ಬಂದವರನ್ನು ನಾವು ಬಲ್ಲೆವು.

ಪೇಟೆಯ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಕಂಬದ ಲಿಫ್ಟು. ಎರಡು ಬದಿಯ ಕಂಬಗಳಿಂದ ನಾಲ್ಕು ತೋಳುಗಳು ಚಾಚಿ ವಾಹನವನ್ನು ಎತ್ತುತ್ತವೆ. ನಾಲ್ಕು ಚಕ್ರಗಳೂ ತೂಗಾಡುತ್ತವೆ, ಅಡಿಯಲ್ಲಿ ಎದ್ದು ನಿಂತು ಕೆಲಸ ಮಾಡಬಹುದು. ಮೆಕ್ಯಾನಿಕನಿಗೆ ಇದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲವೆಂಬುದು ನಿರ್ವಿವಾದ. ಆದರೆ ಇದಕ್ಕೆ ಸುಮಾರು 12 ಅಡಿ ಎತ್ತರದ ಮಾಡು ಬೇಕು, 11 ಅಡಿಗೂ ಮಿಕ್ಕಿದ ಅಗಲ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗಟ್ಟಿಯಾದ ನೆಲ ಬೇಕು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವುದು ಸುಲಭ. ಅದನ್ನೇ ಕೈ ಚಾಚಿ ಹಿಡಿದರೆ ದೇಹವೇ ಮುಂದಕ್ಕೆ ಬಾಗುತ್ತದೆ. ಈ ಕಂಬಗಳ ಪಾಡೂ ಅದೇ. ಚಾಚಿದ ತೋಳಿನ ತುದಿಯ ಭಾರವು ಕಂಬವನ್ನು ಬುಡದಿಂದ ಕೀಳಲು ಎಳೆಯುತ್ತಿರುತ್ತದೆ. ಅದನ್ನು ಹಿಡಿದಿಡುವುದು ಕಾಂಕ್ರೀಟಿನೊಳಗಿನ ಬೋಲ್ಟುಗಳು ಮಾತ್ರ.

ನಮ್ಮ ಶೆಡ್ಡುಗಳ ನೆಲ ಎಂಥದು? ಮುರಮಣ್ಣು ತುಂಬಿಸಿ, ಮೇಲೆ ಎರಡು ಅಂಗುಲ ಜಲ್ಲಿ ಸಿಮೆಂಟು ಎಳೆದು, ನಯವಾಗಿ ತೇದಿರುತ್ತೇವೆ. ಅಡಿಕೆ ರಾಶಿ ಹಾಕಲು ಅದು ಧಾರಾಳವಾಯಿತು. ಆದರೆ ಎರಡು ಕಂಬದ ಲಿಫ್ಟಿನ ತಯಾರಕರು ಕಡಿಮೆಯೆಂದರೂ ನಾಲ್ಕು ಅಂಗುಲ, ಅನೇಕರು ಅದಕ್ಕೂ ಹೆಚ್ಚು ದಪ್ಪದ, ಒಳ್ಳೆಯ ದರ್ಜೆಯ ಕಾಂಕ್ರೀಟನ್ನು ಕೇಳುತ್ತಾರೆ. ಬೋಲ್ಟು ಮುರಮಣ್ಣಿಗೆ ಇಳಿದರೆ ಅದು ಗದ್ದೆಯಲ್ಲಿ ಊರಿದ ಗೂಟ. ಪೇಟೆಯ ಒಬ್ಬ ವ್ಯಾಪಾರಿ ನಮಗೆ ಈ ಲಿಫ್ಟನ್ನೇ ಮಾರಲು ಒಂದು ಗಂಟೆ ಮಾತಾಡಿದರು. ಬಣ್ಣ ಯಾವುದು ಬೇಕೆಂದು ಕೇಳಿದರು, ಕಂತಿನ ಸೌಕರ್ಯವನ್ನು ವಿವರಿಸಿದರು, ನೆಲ ಹೇಗಿದೆಯೆಂದು ಮಾತ್ರ ಕೇಳಲಿಲ್ಲ. ನೆಲವನ್ನು ಕೇಳದೆ ಲಿಫ್ಟು ಮಾರುವವನೂ ಮಣ್ಣನ್ನು ನೋಡದೆ ಗೊಬ್ಬರ ಮಾರುವವನೂ ಒಂದೇ ಎಂದು ತಿಳಿದು ನಾವು ಕೈಮುಗಿದು ಬಂದೆವು.

ಎರಡನೆಯದು ನಾಲ್ಕು ಕಂಬದ ಲಿಫ್ಟು. ಇದರಲ್ಲಿ ವಾಹನವು ಎರಡು ಹಲಗೆಗಳ ಮೇಲೆ ಚಕ್ರವೂರಿ ನಿಂತುಕೊಂಡೇ ಮೇಲೇರುತ್ತದೆ. ಭಾರವು ಮಂಚದ ಕಾಲುಗಳಂತೆ ನೇರವಾಗಿ ಕೆಳಗಿಳಿಯುವುದರಿಂದ ನೆಲದ ಮೇಲೆ ಜುಲುಮೆ ಕಡಿಮೆ. ಒಂದು ಕಾರನ್ನು ಮೇಲಿಟ್ಟು ಇನ್ನೊಂದನ್ನು ಕೆಳಗೆ ನಿಲ್ಲಿಸಬೇಕೆಂಬವರಿಗೆ, ಮಾಡು ಎತ್ತರವಿದ್ದರೆ, ಇದು ಯೋಗ್ಯ. ಆದರೆ ಚಕ್ರ ಕಳಚಬೇಕಾದರೆ ಮೇಲೆ ಇನ್ನೊಂದು ಜಾಕು ಬೇಕು. ಜಾಗವನ್ನಂತೂ ಪೂರ್ತಿ ನುಂಗುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಶೆಡ್ಡಿನ ಮೂಲೆ ಮೂಲೆಯೂ ಬೇಕಾಗುವ ನಮಗೆ ಇದು ಹಿಡಿಸಲಿಲ್ಲ.

ಮೂರನೆಯದು ಕತ್ತರಿ ಲಿಫ್ಟು. ಕತ್ತರಿಯ ಅಲಗುಗಳಂತೆ ಮಡಚುವ ಕಾಲುಗಳು ವಾಹನದ ಹೊಟ್ಟೆಯಡಿಯಿಂದ ಎತ್ತುತ್ತವೆ. ಮನೆಗೆ ಸಲ್ಲುವ ಮಧ್ಯಮ ಗಾತ್ರದವು ಸುಮಾರು ಮೂರು ನಾಲ್ಕು ಅಡಿ ಏರುತ್ತವೆ. ಚಕ್ರ, ಬ್ರೇಕುಗಳ ಕೆಲಸಕ್ಕೆ ಬಹಳ ಒಳ್ಳೆಯದು. ಕೊರತೆಯೆಂದರೆ ಅವುಗಳಲ್ಲಿ ಹಲವು ನಡುವಿನ ಜಾಗವನ್ನೇ ಆಕ್ರಮಿಸುವುದರಿಂದ ಗೇರ್‌ಬಾಕ್ಸು, ಸೈಲೆನ್ಸರುಗಳಿಗೆ ಕೈ ತಲಪುವುದು ಕಷ್ಟ.

ನಾಲ್ಕನೆಯದು ಜೋಡಿ ಚೌಕಟ್ಟಿನ ತಗ್ಗು ಲಿಫ್ಟು. ಎರಡು ಉದ್ದನೆಯ ಉಕ್ಕಿನ ಚೌಕಟ್ಟುಗಳನ್ನು ವಾಹನದ ಎರಡು ಬದಿಗಳಲ್ಲಿ ಅಡಿಗೆ ಸರಿಸಿ, ಒಂದು ಸಣ್ಣ ಪಂಪಿನಿಂದ ಎಣ್ಣೆ ಹಾಯಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ಏರುವುದು ಎರಡು ಅಡಿಯ ಆಸುಪಾಸು ಅಷ್ಟೆ. ಆದರೆ ನಡುವೆ ಪೂರ್ತಿ ತೆರವು. ಕೆಲಸ ಮುಗಿದ ಮೇಲೆ ಇಬ್ಬರು ಸೇರಿ ಎತ್ತಿ ಗೋಡೆಗೆ ಒರಗಿಸಬಹುದು. ಪಂಪು ಮನೆಯ 230 ವೋಲ್ಟಿನಲ್ಲಿ, ಕೆಲವು ಮಾದರಿಗಳಲ್ಲಿ 12 ವೋಲ್ಟಿನ ಬ್ಯಾಟರಿಯಲ್ಲಿಯೂ, ನಡೆಯುತ್ತದೆ. ಎರಡು ಕಂಬದ ಲಿಫ್ಟಿನ ಮೋಟಾರು ಸಾಮಾನ್ಯವಾಗಿ ಮೂರು ಅಶ್ವಶಕ್ತಿಯದು, ಹೆಚ್ಚಾಗಿ ತ್ರೀ ಫೇಸ್ ಕೇಳುವುದು. ಸಂಜೆ ಹೊತ್ತು ಬಲ್ಬೇ ಮಿಣುಕುವ ನಮ್ಮ ಲೈನಿನ ತುದಿಯ ಮನೆಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಲೆಕ್ಕ ಹಾಕಿ ನೋಡಿದಾಗ ನಮ್ಮ ಶೆಡ್ಡಿಗೆ ಎರಡು ಅಡಿ ಮಾತ್ರ ಏರಿಸಲು ಸಾಧ್ಯ. ಈ ಲಿಫ್ಟು ಏರುವುದೂ ಅಷ್ಟೇ. ನಾವು ಇದನ್ನೇ ಆರಿಸಿದೆವು. ಎದ್ದು ನಿಂತು ಕೆಲಸ ಮಾಡುವ ಆಸೆಯನ್ನು ಬಿಟ್ಟೆವು. ಮಣೆಯ ಮೇಲೆ ಕುಳಿತರೆ ಚಕ್ರವು ಎದೆಯ ಮಟ್ಟಕ್ಕೆ ಬರುತ್ತದೆ. ಸಣ್ಣ ಗಾಲಿಗಳಿರುವ ಹಲಗೆಯ ಮೇಲೆ ಮಲಗಿದರೆ ಅಡಿಯಲ್ಲಿ ಕೈಯಾಡಿಸಲು ಧಾರಾಳ ಜಾಗ. ಮನೆಯ ಕೆಲಸಕ್ಕೆ ಇಷ್ಟು ಸಾಲದೆ? ಇಂಜಿನು ಇಳಿಸುವುದು, ಗೇರ್‌ಬಾಕ್ಸು ಬಿಚ್ಚುವುದು ಹೇಗೂ ವರ್ಕ್‌ಶಾಪಿನ ಕೆಲಸ. ಅವನ್ನೂ ಮನೆಯಲ್ಲಿಯೇ ಮಾಡುತ್ತೇವೆನ್ನುವುದು ಹಲ್ಲು ಕೀಳುವುದನ್ನು ಕಲಿತವನು ಹೊಟ್ಟೆ ಕುಯ್ಯಲು ಹೋದಂತೆ.

ಕೊಳ್ಳುವಾಗ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಒಂದು, ಚೌಕಟ್ಟಿನ ಉದ್ದ. ವಾಹನವನ್ನು ಎಲ್ಲಿಂದಾದರೂ ಎತ್ತಲಾಗದು. ಎತ್ತಬೇಕಾದ ನಾಲ್ಕು ಜಾಗಗಳನ್ನು ಅದರ ಕೈಪಿಡಿಯಲ್ಲಿ ಚಿತ್ರ ಸಹಿತ ತೋರಿಸಿರುತ್ತಾರೆ. ಆ ಜಾಗಗಳ ನಡುವಿನ ದೂರಕ್ಕೆ ಚೌಕಟ್ಟು ಹೊಂದಬೇಕು. ಸಣ್ಣ ಕಾರಿಗೆ ಹೊಂದಿದುದು ಉದ್ದದ ಪಿಕಪ್ಪಿಗೆ ಹೊಂದೀತೆಂಬ ನಂಬಿಕೆ ಬೇಡ. ಜೀಪಿಗಾದರೆ ಭಾರವನ್ನು ಚಾಸಿಸಿನ ತೊಲೆಗೇ ಕೊಡಬೇಕು, ಮೈಯ ತಗಡಿಗಲ್ಲ. ತೊಲೆ ಎತ್ತರದಲ್ಲಿರುವುದರಿಂದ ಲಿಫ್ಟಿನ ಜೊತೆಗೆ ಬರುವ ಎತ್ತರದ ಅಡ್ಡೆಗಳನ್ನೇ ಬಳಸಬೇಕು. ಮರದ ಚೂರು ಇಟ್ಟರೆ ಹಳೆಯ ಮುರಕಲ್ಲಿನ ಕಥೆಯೇ. ಇನ್ನೊಂದು, ತೂಕ. ವಾಹನದ ತೂಕಕ್ಕಿಂತ ಲಿಫ್ಟಿನ ಶಕ್ತಿ ಸಾಕಷ್ಟು ಮೇಲಿರಬೇಕು. ಗೊಬ್ಬರದ ಚೀಲಗಳನ್ನು ಹಿಂದೆ ಹೇರಿಕೊಂಡೇ ಎತ್ತಬಾರದು. ತೂಕ ಹೆಚ್ಚುವುದು ಮಾತ್ರವಲ್ಲ, ಭಾರದ ಕೇಂದ್ರವೂ ಹಿಂದಕ್ಕೆ ಸರಿದು ವಾಹನ ಹಿಮ್ಮಗುಚಬಹುದು.

ಲಿಫ್ಟು ಕೊಳ್ಳುವ ಮುಂಚೆಯೇ ನಾವು ನೆಲವನ್ನು ಸರಿಪಡಿಸಿದೆವು. 2023ರ ಬೇಸಗೆಯಲ್ಲಿ ಹಳೆಯ ನೆಲವನ್ನು ಕಿತ್ತು, ಮುರಮಣ್ಣಿಗೆ ನೀರು ಹಾಕಿ ದಮ್ಮಸು ಹೊಡೆಸಿ, ಕಂಬಿಯ ಬಲೆ ಹಾಸಿ, ಎಂ 20 ದರ್ಜೆಯ ಕಾಂಕ್ರೀಟನ್ನು ಆರು ಅಂಗುಲ ಹಾಕಿಸಿದೆವು. ಸುತ್ತ ಮಣ್ಣಿನ ಕಟ್ಟ ಕಟ್ಟಿ ನೀರು ನಿಲ್ಲಿಸಿ 28 ದಿನ ವಾಹನವನ್ನು ಹತ್ತಿಸಲಿಲ್ಲ. ತಗ್ಗು ಲಿಫ್ಟಿಗೆ ಇಷ್ಟು ದಪ್ಪ ಬೇಕಾಗಿರಲಿಲ್ಲವೆಂದು ಕೆಲವರು ನಕ್ಕರು. ನಗಲಿ. ಲಿಫ್ಟು ಹಳತಾಗಬಹುದು, ಬದಲಾಗಬಹುದು. ನೆಲ ಮಕ್ಕಳ ಕಾಲಕ್ಕೂ ಇರುತ್ತದೆ. ಶೆಡ್ಡಿಗೆಂದು ಒಟ್ಟು ಹಣವನ್ನು ಎತ್ತಿಟ್ಟವರು ಅದರಲ್ಲಿ ನೆಲದ ಪಾಲನ್ನು ಮೊದಲು ತೆಗೆದಿಟ್ಟು ಉಳಿದುದರಲ್ಲಿ ಯಂತ್ರವನ್ನು ನೋಡಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

"ಇಷ್ಟೆಲ್ಲ ಏಕೆ? ಒಂದು ಹೊಂಡ ತೋಡಿದರಾಗದೆ?" ಎಂದು ಕೇಳುವವರಿದ್ದಾರೆ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ತಗ್ಗಿನ ಹೊಂಡವು ಜೂನಿನಿಂದ ಕೆರೆಯಾಗುತ್ತದೆ. ನೀರಿಲ್ಲದಾಗಲೂ ಅಪಾಯ ತಪ್ಪಿದ್ದಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ಹೊಂಡದಲ್ಲಿ ಇಳಿದು ನಿಂತು ಒಂದು ಕಿಡಿಗಾಗಿ ಕಾದಿರುತ್ತದೆ. ಇಂಜಿನು ಚಾಲೂ ಇದ್ದರೆ ಹೊಗೆಯೂ ಅಲ್ಲಿಯೇ ತುಂಬುತ್ತದೆ. ಹಳೆಯ ಬಾವಿಗೆ ಇಳಿದವರು ಕೆಟ್ಟ ಗಾಳಿಯಿಂದ ಉಸಿರುಕಟ್ಟಿದ ಸುದ್ದಿಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಲಿಫ್ಟಿಗೆ ಹಣವಿಲ್ಲದವರು ಹೊಂಡದ ಬದಲು ಗುಡ್ಡದ ಇಳಿಜಾರಿನಲ್ಲಿ ಎರಡು ಕಟ್ಟೆಗಳನ್ನು ಕಟ್ಟಿಸಲಿ. ಚಕ್ರಗಳು ಕಟ್ಟೆಗಳ ಮೇಲೆ ಹರಿದು ನಿಂತರೆ ನಡುವೆ ಕೆಳಗಿನಿಂದ ನಡೆದು ಒಳಹೋಗಬಹುದು. ಗಾಳಿ ಆಡುತ್ತದೆ, ನೀರು ತಾನಾಗಿ ಇಳಿದುಹೋಗುತ್ತದೆ. ಇಲ್ಲಿ ಮುರಕಲ್ಲು ತನ್ನ ಸ್ವಧರ್ಮದಂತೆ ಗೋಡೆಯಾಗಿ ಭಾರ ಹೊರುವುದರಿಂದ ಹೆದರಬೇಕಾಗಿಲ್ಲ. ಕಟ್ಟೆಗೆ ಸಿಮೆಂಟಿನ ಗಾರೆಯೂ, ಮೇಲೆ ಕಾಂಕ್ರೀಟಿನ ಪಟ್ಟಿಯೂ, ಚಕ್ರ ಜಾರದಂತೆ ಅಂಚಿನಲ್ಲಿ ಏರೂ, ತುದಿಯಲ್ಲಿ ತಡೆಯೂ ಇರಲೇಬೇಕು. ತೊಳೆಯಲು, ಎಣ್ಣೆ ಬದಲಿಸಲು, ಗ್ರೀಸು ತುಂಬಲು ಇದು ಸಾಕು.

ಬಳಕೆಯಲ್ಲಿ ನಾವು ಪಾಲಿಸುವ ಕ್ರಮ ಇಷ್ಟು. ಮೊದಲು ಅರ್ಧ ಅಡಿ ಮಾತ್ರ ಏರಿಸಿ ನಿಲ್ಲಿಸಿ ವಾಹನವನ್ನು ಕೈಯಿಂದ ಅಲುಗಿಸಿ ನೋಡುವುದು. ಕೂತಿರುವ ಜಾಗ ಸರಿಯಿಲ್ಲದಿದ್ದರೆ ಇಳಿಸಿ ಮತ್ತೆ ಹೊಂದಿಸುವುದು. ಮೇಲೇರಿದ ಮೇಲೆ ಎರಡು ಬದಿಯ ತಡೆಗಳೂ ಬಿದ್ದಿವೆಯೇ ಎಂದು ಕಣ್ಣಾರೆ ಕಂಡ ಹೊರತು ಯಾರೂ ಅಡಿಗೆ ಹೋಗಕೂಡದು. ವಾಹನದೊಳಗೆ ಜನ ಕುಳಿತಿರಬಾರದು. ಮಕ್ಕಳು ಶೆಡ್ಡಿನೊಳಗೆ ಬರಬಾರದು. ಎಣ್ಣೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೈಡ್ರಾಲಿಕ್ ಎಣ್ಣೆಯೇ ಆಗಬೇಕು. ಬ್ರೇಕಿನ ಎಣ್ಣೆ ಸುರಿದರೆ ರಬ್ಬರಿನ ಬಳೆಗಳು ಹಾಳಾಗುತ್ತವೆ. ಅಡಿಕೆಯಿರುವಲ್ಲಿ ಇಲಿಯೂ ಇರುತ್ತದೆ. ಅದು ಕೊಳವೆಯನ್ನು ಕಡಿದಿದೆಯೋ ಎಂದು ಪ್ರತಿ ಸಲ ನೋಡಬೇಕು. ಮಳೆಗಾಲದಲ್ಲಿ ಬಳಸಿದ ಮೇಲೆ ಒರಸಿ, ಕೀಲುಗಳಿಗೆ ಗ್ರೀಸು ಹಚ್ಚಿಡಬೇಕು.

ಈ ಕ್ರಮಗಳನ್ನೆಲ್ಲ ಲಿಫ್ಟಿನ ಮೈಮೇಲೆ ಅಂಟಿಸಿದ ಚೀಟಿಯಲ್ಲಿಯೂ ಬರೆದಿದ್ದಾರೆ, ಇಂಗ್ಲಿಷಿನಲ್ಲಿ. 1956ರ ನವೆಂಬರ್ 1ರಂದು ಗಡಿಗೆರೆ ಎಳೆದ ಮೇಲೆ ನಮ್ಮ ಸೀಮೆಯ ಕನ್ನಡಿಗನು ಅರ್ಜಿಗೊಂದು ಭಾಷೆ, ಅಂಗಡಿಗೊಂದು ಭಾಷೆ ಎಂದು ಹೊಂದಿಕೊಂಡು ಬದುಕಿದ್ದಾನೆ. ಅದಕ್ಕೆ ನಾವು ಇಲ್ಲಿ ಗೋಳಿಡುವುದಿಲ್ಲ. ಆದರೆ ಅಪಾಯದ ಎಚ್ಚರಿಕೆಯು ಅಡಿಯಲ್ಲಿ ಮಲಗುವವನಿಗೆ ಅರ್ಥವಾಗುವ ಭಾಷೆಯಲ್ಲಿರಲೇಬೇಕು. ನಾವು ಆ ಚೀಟಿಯ ಮಾತುಗಳನ್ನು ಕನ್ನಡದಲ್ಲಿಯೂ, ನಮ್ಮಲ್ಲಿ ಕೆಲಸಕ್ಕೆ ಬರುವವರಿಗಾಗಿ ಮಲಯಾಳದಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ತೂಗಹಾಕಿದೆವು. ತುಳು ಮಾತ್ರ ಬಲ್ಲ ಮುದುಕರಿಗೆ ನಮ್ಮ ತಮ್ಮನ ಮಗ ಓದಿ ಹೇಳುತ್ತಾನೆ. ಅವನಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರು?

ಕೊನೆಯದಾಗಿ ಖರ್ಚಿನ ಮಾತು. ಲಿಫ್ಟು, ನೆಲ ಎರಡೂ ಸೇರಿದರೆ ಇದು ಒಂದು ಲಕ್ಷ ರೂಪಾಯಿಗೂ ಮಿಕ್ಕಿದ ವ್ಯವಹಾರ. ಅಡಿಕೆಯ ಧಾರಣೆ ಏರಿದ ವರ್ಷ ಕೊಂಡು, ಇಳಿದ ವರ್ಷ ಸಾಲದ ಕಂತಿಗೆ ಪರದಾಡುವುದು ಬುದ್ಧಿವಂತಿಕೆಯಲ್ಲ. ನಾವೂ ಒಬ್ಬರೇ ಕೊಂಡುದಲ್ಲ. ನೆರೆಯ ಎರಡು ಮನೆಯವರು ಪಾಲು ಸೇರಿದರು. ಜೋಡಿ ಚೌಕಟ್ಟಾದುದರಿಂದ ಪಿಕಪ್ಪಿನಲ್ಲಿ ಹಾಕಿ ಮನೆಯಿಂದ ಮನೆಗೆ ಒಯ್ಯಬಹುದು. ಆದರೆ ನೆಲ ಗಟ್ಟಿಯಿರುವುದು ನಮ್ಮಲ್ಲಿಯಾದುದರಿಂದ ಅವರೇ ಭಾನುವಾರ ವಾಹನ ತಂದು ಕೆಲಸ ಮಾಡಿಕೊಂಡು, ಮಜ್ಜಿಗೆ ಕುಡಿದು ಹೋಗುತ್ತಾರೆ. ಇದನ್ನೇ ನಮ್ಮ ಊರುಗಳ ಸಹಕಾರಿ ಸಂಘಗಳು ಮಾಡಬಾರದೇಕೆ? ಗೊಬ್ಬರದ ಗೋದಾಮಿನ ಪಕ್ಕದಲ್ಲಿ ಒಂದು ಗಟ್ಟಿ ನೆಲ, ಒಂದು ಲಿಫ್ಟು, ಅದನ್ನು ನಡೆಸಲು ಕಲಿತ ಒಬ್ಬ ಯುವಕ, ಗಂಟೆಗಿಷ್ಟೆಂದು ಬಾಡಿಗೆ. ಇಷ್ಟಾದರೆ ಲಿಫ್ಟು ಕೊಳ್ಳಲಾರದವನೂ ತನ್ನ ವಾಹನದ ಅಡಿಯಲ್ಲಿ ನಿರ್ಭಯವಾಗಿ ಕೆಲಸ ಮಾಡಿಯಾನು. ಸಂಘಗಳ ಮಹಾಸಭೆಗಳಲ್ಲಿ ಸದಸ್ಯರು ಈ ವಿಷಯವನ್ನು ಎತ್ತಬೇಕೆಂದು ಕೋರುತ್ತೇವೆ.

ಅಲ್ಲಿಯವರೆಗೆ, ವಾಚಕರೇ, ಈ ವಾರವೇ ನಿಮ್ಮ ಶೆಡ್ಡಿಗೆ ಹೋಗಿ ನೋಡಿರಿ. ವಾಹನಕ್ಕೆ ಕೊಡಲೆಂದು ಮೂಲೆಯಲ್ಲಿ ಇಟ್ಟಿರುವ ಮುರಕಲ್ಲುಗಳಿದ್ದರೆ ಅವನ್ನು ತೆಂಗಿನ ಕಟ್ಟೆಗೆ ಸಾಗಿಸಿಬಿಡಿರಿ. ನಾವು ಸಾಗಿಸಿದ್ದೇವೆ. ಒಡೆದ ಆ ಒಂದು ಕಲ್ಲಿನ ಎರಡು ಹೋಳುಗಳನ್ನು ಮಾತ್ರ ಶೆಡ್ಡಿನ ಬಾಗಿಲಲ್ಲಿಯೇ ಇಟ್ಟುಕೊಂಡಿದ್ದೇವೆ, ಬಂದವರು ಕೇಳಲಿ ಎಂದು.